ಕೀಲಿಯಿಂದ ಅಕ್ಷರದವರೆಗೆ: ಬ್ರೌಸರ್ ಸ್ಕ್ರಿಪ್ಟನ್ನು ಕರೆಯುವ ದಾರಿಯ ಮೂವತ್ತು ವರ್ಷ

ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ‘ಕಾಪು’ ಎಂದು ಬರೆಯಲು ನಾಲ್ಕು ಕೀಲಿ ಸಾಕು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಎ ಒತ್ತಿದರೆ ಅದಕ್ಕೆ ದೀರ್ಘ, ಪಿ ಒತ್ತಿದರೆ ಪ, ಯು ಒತ್ತಿದರೆ ಕೊಂಬು. ಅಕ್ಷರ ಮೂಡಿಸುವ ಕೆಲಸವನ್ನು ವೆಬ್ ಪುಟದ ಸ್ಕ್ರಿಪ್ಟೇ ಮಾಡುತ್ತಿದ್ದರೆ ಲೆಕ್ಕ ಬೇರೆಯಾಗುತ್ತದೆ. ಅಕ್ಷರದ ಪ್ರತಿ ಕೀಲಿಗೂ ಬ್ರೌಸರ್ ಕೀಡೌನ್, ಕೀಪ್ರೆಸ್, ಕೀಅಪ್ ಎಂಬ ಮೂರು ಇವೆಂಟ್ ಹೊರಡಿಸುತ್ತದೆ. ನಡುವೆ ಒತ್ತಿದ ಶಿಫ್ಟ್‌ಗೆ ಎರಡು. ಒಟ್ಟು 14. ಈ ಎಲ್ಲಕ್ಕೂ ಪುಟದಲ್ಲಿ ಹ್ಯಾಂಡ್ಲರ್ (ಇವೆಂಟ್ ಬಂದಾಗ ಓಡುವ ಸ್ಕ್ರಿಪ್ಟಿನ ತುಣುಕು) ಇದ್ದರೆ, ಎರಡಕ್ಷರದ ಊರಿನ ಹೆಸರಿಗಾಗಿ ಬ್ರೌಸರ್ ತನ್ನ ನೇಟಿವ್ ಕೋಡ್ ಬಿಟ್ಟು 14 ಸಲ ಜಾವಾಸ್ಕ್ರಿಪ್ಟಿನ ಮನೆಗೆ ಹೋಗಿಬರಬೇಕು. ‘ಕಾರ್ಕಳ’ ಬರೆದರೆ 22 ಸಲ.

ಈ ಹೋಗಿಬರುವ ಖರ್ಚು ಎಷ್ಟು, ಅದು ಎಲ್ಲಿಂದ ಹುಟ್ಟುತ್ತದೆ, ಅದನ್ನು ಇಳಿಸಲು ಮೂವತ್ತು ವರ್ಷಗಳಲ್ಲಿ ಏನೇನು ಮಾಡಿದರು ಎಂಬುದರ ಸಮೀಕ್ಷೆ ಇಲ್ಲಿದೆ. ವಿಷಯ ಬ್ರೌಸರ್ ಕಟ್ಟುವವರದು ಎಂದು ಬಿಟ್ಟುಬಿಡುವ ಹಾಗಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ, ವರ್ಷಗಳ ತಯಾರಿಯ ಬಳಿಕ 2016ರ ಆಗಸ್ಟ್‌ನಲ್ಲಿ ಬೆಳಕು ಕಂಡ ತುಳು ವಿಕಿಪೀಡಿಯದಲ್ಲಿ ಬರೆಯುವ ನಮ್ಮವರು ಈ ಖರ್ಚನ್ನು ಅಕ್ಷರ ಅಕ್ಷರಕ್ಕೂ ತೆತ್ತಿದ್ದಾರೆ.

ಎರಡು ಮನೆ, ನಡುವೆ ಒಂದು ಗಡಿ

ಹೊರಗಿನಿಂದ ನೋಡಿದರೆ ಬ್ರೌಸರ್ ಒಂದೇ ತಂತ್ರಾಂಶ. ಒಳಗೆ ಎರಡು ಮನೆಗಳಿವೆ. ಪುಟವನ್ನು ಓದಿ, ಜೋಡಿಸಿ, ಪರದೆಗೆ ಬರೆಯುವ ಮನೆ ಬಹುಪಾಲು ಸಿ ಪ್ಲಸ್ ಪ್ಲಸ್‌ನಲ್ಲಿ ಕಟ್ಟಿದ್ದು. ಇನ್ನೊಂದು ಜಾವಾಸ್ಕ್ರಿಪ್ಟ್ ಎಂಜಿನ್. ಎರಡೂ ಕಡೆ ವಸ್ತುಗಳ ರೂಪ ಬೇರೆ, ಮೆಮೊರಿಯ ಲೆಕ್ಕ ಇಡುವ ಕ್ರಮ ಬೇರೆ, ತಪ್ಪಾದಾಗ ಸುದ್ದಿ ಮುಟ್ಟಿಸುವ ರೀತಿಯೂ ಬೇರೆ.

ಒಂದು ಕ್ಲಿಕ್ ಆಯಿತು ಎನ್ನೋಣ. ಅದನ್ನು ಕೇಳಲು ಯಾರಾದರೂ ಇದ್ದಾರೆಯೇ ಎಂದು ಬ್ರೌಸರ್ ಮೊದಲು ನೋಡುತ್ತದೆ. ಇವೆಂಟ್ ಯಾವ ಯಾವ ಎಲಿಮೆಂಟ್‌ಗಳ ಮೂಲಕ ಇಳಿದು ಏರಬೇಕು ಎಂಬ ದಾರಿಯನ್ನು ಗೊತ್ತುಮಾಡುತ್ತದೆ. ಈ ಪುಟದಲ್ಲಿ ಸ್ಕ್ರಿಪ್ಟ್ ಓಡಿಸಲು ಅನುಮತಿ ಇದೆಯೇ, ಪುಟ ಇನ್ನೂ ಜೀವಂತವಿದೆಯೇ ಎಂದು ಪರೀಕ್ಷಿಸುತ್ತದೆ. ತನ್ನ ಬಳಿಯಿರುವ ಇವೆಂಟ್‌ಗೆ ಜಾವಾಸ್ಕ್ರಿಪ್ಟ್ ಗುರುತಿಸಬಲ್ಲ ಹೊದಿಕೆ ತೊಡಿಸುತ್ತದೆ. ಬಳಿಕ ಪ್ರೊಸೆಸರಿನ ರಿಜಿಸ್ಟರುಗಳಲ್ಲಿ ಇರುವುದನ್ನು ಎತ್ತಿಟ್ಟು ಎಂಜಿನ್ನಿನ ಬಾಗಿಲು ದಾಟುತ್ತದೆ. ಹ್ಯಾಂಡ್ಲರ್ ಓಡಿ ಮುಗಿದ ಮೇಲೂ ಕೆಲಸ ಬಾಕಿ: ದೋಷ ಎದ್ದಿದ್ದರೆ ಹಿಡಿದು ವರದಿ ಮಾಡಬೇಕು, ಸಾಲಿನಲ್ಲಿರುವ ಮೈಕ್ರೋಟಾಸ್ಕ್‌ಗಳನ್ನು ಓಡಿಸಬೇಕು, ಮಾಮೂಲಿ ಕ್ರಿಯೆ ಬೇಡವೆಂದು ಹ್ಯಾಂಡ್ಲರ್ ಹೇಳಿತೇ ಎಂದು ನೋಡಬೇಕು. ಹ್ಯಾಂಡ್ಲರ್ ಒಳಗೆ ಒಂದೇ ಒಂದು ಸಾಲು ಇದ್ದರೂ, ಏನೂ ಇಲ್ಲದೆ ಖಾಲಿ ಇದ್ದರೂ ಈ ಶಾಸ್ತ್ರಗಳೆಲ್ಲ ಆಗಲೇಬೇಕು.

ಡಾಮ್ (ಬ್ರೌಸರ್ ಪುಟವನ್ನು ಎಲಿಮೆಂಟುಗಳಾಗಿ ಹಿಡಿದಿಡುವ ರಚನೆ) ಮತ್ತು ಜಾವಾಸ್ಕ್ರಿಪ್ಟ್ ಎರಡು ದ್ವೀಪಗಳು, ನಡುವೆ ಸುಂಕದ ಸೇತುವೆ ಎಂದು 2009ರಲ್ಲಿ ಮೈಕ್ರೋಸಾಫ್ಟ್‌ನ ಎಂಜಿನಿಯರೊಬ್ಬರು ವಿವರಿಸಿದ್ದರು. ಮಂಗಳೂರಿನಿಂದ ಉಡುಪಿಗೆ ಬರುವ ನಮಗೆ ಆ ಸೇತುವೆ ಹೆಜಮಾಡಿಯ ಟೋಲ್‌ಗೇಟಿನ ಹಾಗೆ. ಒಂದು ಕಾರಿಗೆ ಅಲ್ಲಿ ಆಗುವ ತಡ ಲೆಕ್ಕಕ್ಕೆ ಬಾರದು. ಸಾವಿರ ವಾಹನ ಒಟ್ಟಿಗೆ ಬಂದು ನಿಂತಾಗ ಗೇಟಿನ ಬೆಲೆ ತಿಳಿಯುತ್ತದೆ. ಇಂದಿನ ಯಂತ್ರಗಳಲ್ಲಿ ಒಂದು ಸಲ ಗಡಿ ದಾಟುವ ಖರ್ಚು ಮೈಕ್ರೋಸೆಕೆಂಡಿನ ಲೆಕ್ಕದ್ದು. ಆದರೆ ಪರದೆ ಸೆಕೆಂಡಿಗೆ 60 ಸಲ ಬದಲಾಗಬೇಕಾದರೆ ಬ್ರೌಸರಿನ ಕೈಯಲ್ಲಿ ಇರುವುದು ಪ್ರತಿ ಸಲಕ್ಕೆ 16.7 ಮಿಲಿಸೆಕೆಂಡ್ ಮಾತ್ರ. ಪುಟ ಜೋಡಿಸುವುದು, ಬಣ್ಣ ತುಂಬುವುದು, ಹ್ಯಾಂಡ್ಲರ್‌ಗಳ ಕೆಲಸ, ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು.

ಮೊದಲ ಘಟ್ಟ: ಹೇಗಾದರೂ ದಾಟಿದರೆ ಸಾಕು

1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪಿನ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಕಟ್ಟಿದರು. 1996ರಲ್ಲಿ ಬಂದ ನ್ಯಾವಿಗೇಟರ್ 2.0 ಅದನ್ನು ಜನರ ಕೈಗಿಟ್ಟಿತು. ಬಟನ್ನಿನ ಟ್ಯಾಗಿನೊಳಗೇ ಆನ್‌ಕ್ಲಿಕ್ ಎಂದು ಬರೆದು ನಾಲ್ಕು ಪದದ ಸ್ಕ್ರಿಪ್ಟ್ ಸೇರಿಸುವ ರೂಢಿ ಆಗ ಹುಟ್ಟಿತು. ಅದು ಬರೀ ಅಕ್ಷರಗಳ ಸರಮಾಲೆ. ಹಾಗೆ ಬರೆದ ಹ್ಯಾಂಡ್ಲರನ್ನು ಅಗತ್ಯ ಬೀಳುವವರೆಗೆ ಕಂಪೈಲ್ ಮಾಡದೆ ಇಡುವ ಪದ್ಧತಿ ಈಗಲೂ ಇದೆ. ಅದಕ್ಕೇ ಮೊದಲ ಕ್ಲಿಕ್ಕಿಗೆ ಎರಡನೆಯದಕ್ಕಿಂತ ಒಂದಿಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ. ಫಾರ್ಮಿನಲ್ಲಿ ಹೆಸರು ತುಂಬಿದ್ದಾರೆಯೇ ಎಂದು ನೋಡುವುದಷ್ಟೇ ಅಂದಿನ ಸ್ಕ್ರಿಪ್ಟಿನ ಕೆಲಸವಾಗಿದ್ದರಿಂದ ಗಡಿಯ ಖರ್ಚು ಯಾರ ಕಣ್ಣಿಗೂ ಬೀಳಲಿಲ್ಲ.

ಮೈಕ್ರೋಸಾಫ್ಟ್ ತನ್ನ ಎಕ್ಸ್‌ಪ್ಲೋರರ್‌ನಲ್ಲಿ ಸ್ಕ್ರಿಪ್ಟ್ ಎಂಜಿನ್ ಮತ್ತು ಪುಟದ ಎಂಜಿನ್ ಎರಡನ್ನೂ ಬೇರೆ ಬೇರೆ ಕಡತಗಳಾಗಿ ಇಟ್ಟಿತು. ನಡುವೆ ಮಾತು ನಡೆಯುತ್ತಿದ್ದುದು ಕಾಮ್ ಎಂಬ ಸಾರ್ವತ್ರಿಕ ವ್ಯವಸ್ಥೆಯ ಮೂಲಕ. ಈ ಹೆಸರಿನ ಗುಣ ನಿನ್ನಲ್ಲಿ ಉಂಟೇ ಎಂದು ಕೇಳಿ, ಸಂಖ್ಯೆ ಪಡೆದು, ಆ ಸಂಖ್ಯೆ ಹಿಡಿದು ಮತ್ತೆ ಕರೆಯಬೇಕು. ಯಾವ ಭಾಷೆಯ ಸ್ಕ್ರಿಪ್ಟನ್ನಾದರೂ ಜೋಡಿಸಬಹುದು ಎಂಬ ಅನುಕೂಲಕ್ಕೆ ತೆತ್ತ ಬೆಲೆ ಇದು. ಇನ್ನೊಂದು ತೊಂದರೆಯೂ ಇತ್ತು. ಪುಟದ ಕಡೆ ಎಷ್ಟು ಮಂದಿ ಹಿಡಿದಿದ್ದಾರೆ ಎಂದು ಎಣಿಸುವ ಕ್ರಮ. ಸ್ಕ್ರಿಪ್ಟಿನ ಕಡೆ ಬೇಡದ್ದನ್ನು ಹುಡುಕಿ ಗುಡಿಸುವ ಕ್ರಮ. ಎಲಿಮೆಂಟ್ ಹ್ಯಾಂಡ್ಲರನ್ನು ಹಿಡಿದು, ಹ್ಯಾಂಡ್ಲರ್ ತಿರುಗಿ ಅದೇ ಎಲಿಮೆಂಟನ್ನು ಹಿಡಿದರೆ ಎರಡು ಕಡೆಯವರಿಗೂ ಆ ಜೋಡಿಯನ್ನು ಬಿಡಿಸಲು ಬರುತ್ತಿರಲಿಲ್ಲ. ಎಕ್ಸ್‌ಪ್ಲೋರರ್ 6ರ ಕಾಲದಲ್ಲಿ ವೆಬ್ ಕೆಲಸ ಮಾಡಿದವರಿಗೆ ಆ ಮೆಮೊರಿ ಸೋರಿಕೆ ಚೆನ್ನಾಗಿ ನೆನಪಿರುತ್ತದೆ.

ಮೊಜಿಲ್ಲಾದಲ್ಲೂ ಕತೆ ಹೆಚ್ಚು ಬೇರೆಯಲ್ಲ. ಎಕ್ಸ್‌ಪಿಕನೆಕ್ಟ್ ಎಂಬ ಸೇತುವೆ ಪ್ರತಿ ಕರೆಯ ಹೊತ್ತಿಗೂ ವಿವರಣೆಯ ಕೋಷ್ಟಕ ಓದಿ ಒಂದೊಂದೇ ವಾದವನ್ನು ಪರಿವರ್ತಿಸುತ್ತಿತ್ತು. ಎಲ್ಲದಕ್ಕೂ ಸಲ್ಲುವ ಸೇತುವೆಯಾದ್ದರಿಂದ ಯಾವುದಕ್ಕೂ ಅದು ವೇಗದ್ದಾಗಿರಲಿಲ್ಲ.

ಎರಡನೆಯ ಘಟ್ಟ: ದಾಟುವುದನ್ನು ಅಗ್ಗ ಮಾಡುವುದು

2008ರ ಸೆಪ್ಟೆಂಬರಿನಲ್ಲಿ ಕ್ರೋಮ್ ಬಂತು. ಡೆನ್ಮಾರ್ಕಿನ ಲಾರ್ಸ್ ಬಾಕ್ ಮುಂದಾಳತ್ವದಲ್ಲಿ ಕಟ್ಟಿದ ವಿ8 ಎಂಜಿನ್ ಜಾವಾಸ್ಕ್ರಿಪ್ಟನ್ನು ನೇರ ಯಂತ್ರಭಾಷೆಗೆ ಇಳಿಸಿ ಓಡಿಸಿತು. ಸ್ಕ್ರಿಪ್ಟ್ ತಾನೇ ನಿಧಾನವಾಗಿದ್ದಾಗ ಗಡಿಯ ತಡ ಅದರಲ್ಲಿ ಅಡಗಿತ್ತು. ಸ್ಕ್ರಿಪ್ಟ್ ವೇಗ ಹಿಡಿದ ಮೇಲೆ ಗಡಿಯೇ ಎದ್ದು ಕಂಡಿತು. ಹೆದ್ದಾರಿ ಚತುಷ್ಪಥವಾದ ಮೇಲೆ ಟೋಲ್‌ಗೇಟಿನ ಸಾಲು ಕಣ್ಣಿಗೆ ಹೊಡೆದ ಹಾಗೆ.

ಆಮೇಲಿನ ಐದಾರು ವರ್ಷ ದಾಟುವ ಬೆಲೆ ಇಳಿಸುವ ಸ್ಪರ್ಧೆ ನಡೆಯಿತು. 2009ರ ಫೈರ್‌ಫಾಕ್ಸ್ 3.5 ಹೆಚ್ಚು ಬಳಕೆಯ ಕರೆಗಳಿಗೆ ಮೊದಲೇ ಸಿದ್ಧಪಡಿಸಿದ ಅಡ್ಡದಾರಿಗಳನ್ನು ಕೊಟ್ಟಿತು. 2011ರ ಎಕ್ಸ್‌ಪ್ಲೋರರ್ 9ರಲ್ಲಿ ಚಕ್ರ ಎಂಬ ಹೊಸ ಎಂಜಿನ್ ಬಂತು. ಡಾಮ್ ಅದರೊಂದಿಗೆ ನೇರವಾಗಿ ಬೆಸೆದುಕೊಂಡು, ನಡುವಿನ ಹಳೆಯ ಕಾಮ್ ದಾರಿಯ ಹೊರೆ ಇಳಿಯಿತು. 2012ರ ಹೊತ್ತಿಗೆ ಮೊಜಿಲ್ಲಾ ಡಾಮ್ ಸೌಲಭ್ಯಗಳ ವೆಬ್‌ಐಡಿಎಲ್ ವಿವರಣೆಗಳನ್ನು ಓದಿ ಪ್ರತಿಯೊಂದಕ್ಕೂ ತಕ್ಕ ಸೇತುವೆಯ ಕೋಡನ್ನು ತಾನಾಗಿ ಹೆಣೆಯುವ ವ್ಯವಸ್ಥೆಗೆ ಹೊರಳಿತು. ಓಡುವಾಗ ಕೇಳಿ ತಿಳಿಯುತ್ತಿದ್ದುದನ್ನು ಕಟ್ಟುವಾಗಲೇ ತಿಳಿದಿಟ್ಟುಕೊಂಡರು. ಇದು ಫಾಸ್ಟ್ಯಾಗ್ ಬಂದ ಹಾಗೆ: ಗೇಟು ಅಲ್ಲೇ ಇದೆ, ಚಿಲ್ಲರೆ ಎಣಿಸುವ ಕೆಲಸ ತಪ್ಪಿತು.

ಇದೇ ಅವಧಿಯ ಇನ್ನೊಂದು ಪಾಠ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಎನಿಸುತ್ತದೆ. ಒಂದು ಪಟ್ಟಿಯ ಪ್ರತಿ ಸದಸ್ಯನಿಗೂ ನಮ್ಮ ಫಂಕ್ಷನ್ ಓಡಿಸುವ ಫಾರ್‌ಈಚ್‌ನಂಥ ಸೌಲಭ್ಯಗಳನ್ನು ಎಂಜಿನ್ನಿನವರು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿದ್ದರು. ನೇಟಿವ್ ಕೋಡ್ ವೇಗದ್ದು, ಹಾಗಾಗಿ ಇದೂ ವೇಗವಾಗಿಯೇ ಇರುತ್ತದೆ ಎಂಬ ನಂಬಿಕೆ. ಆದರೆ ಸಾವಿರ ಸದಸ್ಯರಿದ್ದರೆ ಸಾವಿರ ಸಲ ನೇಟಿವ್ ಕಡೆಯಿಂದ ಸ್ಕ್ರಿಪ್ಟಿಗೆ ಕರೆ ಹೋಗಬೇಕು, ಮೇಲಾಗಿ ಗಡಿಯ ಆಚೆ ಏನಿದೆ ಎಂಬುದು ಕಂಪೈಲರಿಗೆ ಕಾಣದು. ಫೈರ್‌ಫಾಕ್ಸಿನವರು 2012ರಿಂದ ಇಂಥವನ್ನು ಒಂದೊಂದಾಗಿ ಜಾವಾಸ್ಕ್ರಿಪ್ಟಿನಲ್ಲೇ ತಿರುಗಿ ಬರೆದರು. ಈಗ ಕರೆಯುವವನೂ ಕರೆಸಿಕೊಳ್ಳುವವನೂ ಒಂದೇ ಮನೆಯಲ್ಲಿ. ಕಂಪೈಲರ್ ಎರಡನ್ನೂ ಬೆಸೆದು ಓಡಿಸಬಲ್ಲದು. ಕೆಲಸ ಯಾವ ಭಾಷೆಯಲ್ಲಿದೆ ಎಂಬುದಕ್ಕಿಂತ ಎಷ್ಟು ಸಲ ಹೊಸ್ತಿಲು ದಾಟುತ್ತದೆ ಎಂಬುದು ಮುಖ್ಯ ಎಂದು ಅಲ್ಲಿಗೆ ಖಚಿತವಾಯಿತು.

ಮೂರನೆಯ ಘಟ್ಟ: ದಾಟುವ ಸಲಗಳನ್ನೇ ಕಡಿಮೆ ಮಾಡುವುದು

2000ದ ನವೆಂಬರಿನಲ್ಲಿ ಅಂತಿಮಗೊಂಡ ಡಾಮ್ ಎರಡನೆಯ ಹಂತದ ಇವೆಂಟ್ ನಿಯಮಗಳಲ್ಲಿ ಮ್ಯುಟೇಶನ್ ಇವೆಂಟ್ ಎಂಬುದಿತ್ತು. ಪುಟದಲ್ಲಿ ಏನೇ ಬದಲಾದರೂ ಆ ಕ್ಷಣದಲ್ಲೇ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಸ್ಕ್ರಿಪ್ಟಿಗೆ ತಿಳಿಸಬೇಕು. ಉಡುಪಿಯಿಂದ ಕಾರ್ಕಳಕ್ಕೆ ಹೊರಟ ಸರ್ವಿಸ್ ಬಸ್ಸು ಮಣಿಪಾಲ, ಪರ್ಕಳ, ಆತ್ರಾಡಿ, ಹಿರಿಯಡ್ಕ, ಬೈಲೂರು ಎಂದು ನಿಲ್ಲುತ್ತ ಹೋದ ಹಾಗೆ, ಸಾವಿರ ಸಾಲು ಸೇರಿಸಿದರೆ ಸಾವಿರ ನಿಲುಗಡೆ. ಕೇಳುವವರು ಯಾರೂ ಇಲ್ಲದಿದ್ದರೆ ಇವೆಂಟನ್ನೇ ತಯಾರಿಸದಿರಲು ಬ್ರೌಸರುಗಳು ಪುಟಕ್ಕೊಂದು ಗುರುತು ಇಟ್ಟುಕೊಂಡವು. ಆದರೂ ಒಬ್ಬನೇ ಒಬ್ಬ ಕೇಳುಗ ಸೇರಿಕೊಂಡರೆ ಪುಟಕ್ಕೆ ಪುಟವೇ ನಿಧಾನ.

2012ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಬಂದ ಮ್ಯುಟೇಶನ್ ಅಬ್ಸರ್ವರ್ ಈ ಕ್ರಮವನ್ನು ತಲೆಕೆಳಗು ಮಾಡಿತು. ಬದಲಾವಣೆಗಳನ್ನು ಬ್ರೌಸರ್ ತನ್ನ ಬಳಿಯೇ ಪಟ್ಟಿ ಮಾಡುತ್ತದೆ. ನಡೆಯುತ್ತಿರುವ ಸ್ಕ್ರಿಪ್ಟ್ ಮುಗಿದ ಮೇಲೆ ಇಡೀ ಪಟ್ಟಿಯನ್ನು ಒಂದೇ ಕರೆಯಲ್ಲಿ ಕೊಡುತ್ತದೆ. ಸಾವಿರ ಸಲದ ಬದಲು ಒಂದು ಸಲ. ಹಳೆಯ ಮ್ಯುಟೇಶನ್ ಇವೆಂಟ್‌ಗಳನ್ನು 2024ರ ಜುಲೈಯಲ್ಲಿ ಕ್ರೋಮ್ 127 ತೆಗೆದುಹಾಕಿತು. ತಪ್ಪೆಂದು ತಿಳಿದ ಮೇಲೂ ಒಂದು ವಿನ್ಯಾಸ ವೆಬ್‌ನಿಂದ ತೊಲಗಲು ಎಷ್ಟು ಕಾಲ ಬೇಕು ಎಂಬುದಕ್ಕೆ ಇದು ಸಾಕ್ಷಿ.

ಸ್ಪರ್ಶದ ಫೋನು ಬಂದ ಮೇಲೆ ಹೊಸ ತೊಡಕು ಎದ್ದಿತು. ಬೆರಳು ಸರಿಸಿದಾಗ ಪುಟವನ್ನು ಸರಿಸಲು ಬ್ರೌಸರಿಗೆ ಸ್ಕ್ರಿಪ್ಟಿನ ನೆರವು ಬೇಡ. ಆದರೆ ಸ್ಪರ್ಶದ ಹ್ಯಾಂಡ್ಲರ್ ಇದ್ದರೆ, ಅದು ‘ಬೇಡ’ ಎನ್ನಬಹುದೇನೋ ಎಂದು ಕಾಯಬೇಕಾಗುತ್ತಿತ್ತು. ಆಂಡ್ರಾಯ್ಡ್ ಕ್ರೋಮಿನ ಲೆಕ್ಕದಂತೆ ಹೀಗೆ ಕಾಯಿಸುವ ಸ್ಪರ್ಶಗಳಲ್ಲಿ ಶೇಕಡಾ 80ರಷ್ಟು ಕೊನೆಗೂ ‘ಬೇಡ’ ಎನ್ನುತ್ತಲೇ ಇರಲಿಲ್ಲ. ಶೇಕಡಾ 10ರಷ್ಟು 100 ಮಿಲಿಸೆಕೆಂಡಿಗೂ ಹೆಚ್ಚು ತಡ ಮಾಡುತ್ತಿದ್ದವು. 2016ರ ಕ್ರೋಮ್ 51ರಲ್ಲಿ ಪ್ಯಾಸಿವ್ ಹ್ಯಾಂಡ್ಲರ್ ಬಂತು. ‘ನಾನು ತಡೆಯುವುದಿಲ್ಲ, ನೀನು ಮುಂದೆ ಹೋಗು’ ಎಂದು ಸ್ಕ್ರಿಪ್ಟ್ ಮೊದಲೇ ಮಾತು ಕೊಡುವ ವ್ಯವಸ್ಥೆ ಇದು. ಮರುವರ್ಷ ಇಡೀ ಪುಟಕ್ಕೆ ಕಟ್ಟಿದ ಸ್ಪರ್ಶದ ಹ್ಯಾಂಡ್ಲರ್‌ಗಳನ್ನು ಕ್ರೋಮ್ ತಾನಾಗಿಯೇ ಪ್ಯಾಸಿವ್ ಎಂದು ಪರಿಗಣಿಸಿತು. 2017ರ ಕ್ರೋಮ್ 60ರಿಂದ ಮೌಸ್ ಚಲನೆಯಂಥ ಎಡೆಬಿಡದ ಇವೆಂಟ್‌ಗಳನ್ನು ಒಟ್ಟುಗೂಡಿಸಿ ಪರದೆಯ ಪ್ರತಿ ಫ್ರೇಮಿಗೆ ಒಮ್ಮೆ ಮಾತ್ರ ಕೊಡುವ ಕ್ರಮ ಬಂತು.

ಪುಟ ಬರೆಯುವವರೂ ಸುಮ್ಮನಿರಲಿಲ್ಲ. ನೂರು ಸಾಲಿನ ಕೋಷ್ಟಕದಲ್ಲಿ ನೂರು ಹ್ಯಾಂಡ್ಲರ್ ಕಟ್ಟುವ ಬದಲು ಕೋಷ್ಟಕಕ್ಕೇ ಒಂದು ಕಟ್ಟಿ, ಯಾವ ಸಾಲು ಎಂದು ಒಳಗೆ ನೋಡುವ ಉಪಾಯ ಜೆಕ್ವೆರಿ ಎಂಬ ಸ್ಕ್ರಿಪ್ಟ್ ಲೈಬ್ರರಿಯ ಕಾಲದಲ್ಲಿ ಮನೆಮಾತಾಯಿತು. 2013ರ ರಿಯಾಕ್ಟ್ ಲೈಬ್ರರಿ ಅದನ್ನೇ ತನ್ನ ಬುನಾದಿ ಮಾಡಿಕೊಂಡಿತು. ಸ್ಕ್ರೋಲ್ ಇವೆಂಟ್ ಕೇಳುತ್ತ ಚಿತ್ರ ಕಣ್ಣಿಗೆ ಬಿತ್ತೇ ಎಂದು ಅಳೆಯುವ ಕೆಲಸವನ್ನು 2016ರಿಂದ ಇಂಟರ್‌ಸೆಕ್ಷನ್ ಅಬ್ಸರ್ವರ್ ವಹಿಸಿಕೊಂಡಿತು.

ಉಡುಪಿಯಲ್ಲಿ ಮೊಬೈಲ್ ಆ್ಯಪ್ ಮಾಡುವವರಿಗೂ ಈ ಗಡಿ ಅಪರಿಚಿತವಲ್ಲ. 1996ರಲ್ಲಿ ರೋಬೋಸಾಫ್ಟ್ ಇಲ್ಲಿ ಶುರುವಾದಂದಿನಿಂದ ಈ ಊರಿನಲ್ಲಿ ತಂತ್ರಾಂಶದ ಕೆಲಸ ಬೆಳೆದಿದೆ. ಆ್ಯಪಿನೊಳಗೆ ವೆಬ್ ಪುಟ ಇಟ್ಟರೆ ಗಡಿ ಇನ್ನೂ ದೊಡ್ಡದು: 2014ರ ಐಓಎಸ್ 8ರಿಂದ ಐಫೋನಿನಲ್ಲಿ ಬಂದ ಹೊಸ ವೆಬ್‌ವ್ಯೂನಲ್ಲಿ ಪುಟ ಬೇರೆಯೇ ಪ್ರೊಸೆಸ್‌ನಲ್ಲಿ ಓಡುತ್ತದೆ, ಪ್ರತಿ ಮಾತೂ ಅಂಚೆಯಂತೆ ಹೋಗಿಬರಬೇಕು. ಜಾವಾಸ್ಕ್ರಿಪ್ಟಿನಲ್ಲಿ ಆ್ಯಪ್ ಬರೆಯಲು ನೆರವಾಗುವ ರಿಯಾಕ್ಟ್ ನೇಟಿವ್ ಹಲವು ವರ್ಷ ಎರಡು ಕಡೆಯ ಮಾತನ್ನು ಜೇಸನ್ ಪಠ್ಯವಾಗಿಸಿ ಸಾಗಿಸುತ್ತಿತ್ತು. 2024ರ 0.76 ಆವೃತ್ತಿಯಲ್ಲಿ ನೇರ ಕರೆಯ ಹೊಸ ವ್ಯವಸ್ಥೆ ರೂಢಿಯ ದಾರಿಯಾಯಿತು.

ಅಳತೆಗೋಲು ಬದಲಾದ ಬಗೆ

ಗಡಿಯ ಖರ್ಚನ್ನು ಅಳೆಯುವುದು ಸುಲಭವಲ್ಲ. ಖಾಲಿ ಹ್ಯಾಂಡ್ಲರನ್ನು ಲಕ್ಷ ಸಲ ಕರೆದು ಭಾಗಿಸಿದರೆ ಒಂದು ಸಂಖ್ಯೆ ಸಿಗುತ್ತದೆ ನಿಜ, ಆದರೆ ನಿಜವಾದ ಪುಟದಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. 2018ರ ಜನವರಿಯಲ್ಲಿ, ಸೂಕ್ಷ್ಮ ಸಮಯ ಅಳೆದು ಗುಟ್ಟು ಕದಿಯಲು ಎಡೆಕೊಡುವ ಪ್ರೊಸೆಸರಿನ ಸ್ಪೆಕ್ಟರ್ ದೋಷ ಬಯಲಾದಾಗ ಬ್ರೌಸರುಗಳು ಸ್ಕ್ರಿಪ್ಟಿಗೆ ಕೊಡುವ ಗಡಿಯಾರವನ್ನು ಬೇಕೆಂದೇ ಒರಟು ಮಾಡಿದವು. ಆ ಮೇಲೆ ಒಂದೊಂದೇ ಕರೆಯನ್ನು ಪುಟದೊಳಗಿಂದ ಅಳೆಯುವುದು ಇನ್ನೂ ಕಷ್ಟವಾಯಿತು.

ಹಾಗಾಗಿ ಅಳತೆ ಬಳಕೆದಾರನ ಕಡೆಗೆ ಸರಿಯಿತು. 2014ರಲ್ಲಿ ಆ್ಯಪಲ್ ಬಿಡುಗಡೆ ಮಾಡಿದ ಸ್ಪೀಡೋಮೀಟರ್, ಮಾಡಬೇಕಾದ ಕೆಲಸಗಳ ಪಟ್ಟಿಯೊಂದಕ್ಕೆ ಸಾಲುಗಳನ್ನು ಸೇರಿಸಿ, ಗುರುತು ಹಾಕಿ, ಅಳಿಸಿ, ಅಷ್ಟಕ್ಕೂ ಹಿಡಿಯುವ ಹೊತ್ತನ್ನು ಎಣಿಸುತ್ತದೆ. ಅದರ ಮೂರನೆಯ ಆವೃತ್ತಿಯನ್ನು 2024ರ ಮಾರ್ಚ್ 11ರಂದು ಆ್ಯಪಲ್, ಗೂಗಲ್, ಮೊಜಿಲ್ಲಾ ಕೂಡಿಯೇ ಹೊರತಂದವು. ಮರುದಿನವೇ ಗೂಗಲ್ ಪುಟಗಳ ಗುಣಮಟ್ಟದ ಅಳತೆಯಲ್ಲಿ ಹೊಸ ಮಾನದಂಡವಾದ ಐಎನ್‌ಪಿಯನ್ನು ಸೇರಿಸಿತು. ಹಳೆಯ ಅಳತೆ ಮೊದಲ ಕ್ಲಿಕ್ಕಿನ ಹ್ಯಾಂಡ್ಲರ್ ಶುರುವಾಗುವವರೆಗಿನ ಕಾಯುವಿಕೆಯನ್ನು ಮಾತ್ರ ನೋಡುತ್ತಿತ್ತು. ಹೊಸದು ಕ್ಲಿಕ್, ಸ್ಪರ್ಶ, ಕೀಲಿ ಎಲ್ಲವನ್ನೂ, ಹ್ಯಾಂಡ್ಲರ್ ಮುಗಿದು ಪರದೆ ಬದಲಾಗುವವರೆಗೂ ನೋಡುತ್ತದೆ. 200 ಮಿಲಿಸೆಕೆಂಡಿನೊಳಗೆ ಮುಗಿದರೆ ಉತ್ತಮ, 500 ದಾಟಿದರೆ ಕಳಪೆ. ಕೀಲಿಯಿಂದ ಅಕ್ಷರದವರೆಗಿನ ಪೂರ್ತಿ ದಾರಿ ಕಡೆಗೂ ಲೆಕ್ಕಕ್ಕೆ ಬಂತು.

ನಮ್ಮ ಕೀಲಿಮಣೆಯ ಪಾಲು

ಈ ದಾರಿಯಲ್ಲಿ ಕನ್ನಡಕ್ಕೆ ಬೀಳುವ ಹೊರೆ ಎಲ್ಲಿಂದ ಬಂತು ಎಂಬುದನ್ನು ತಿಳಿಯಲು ಕೆ.ಪಿ. ರಾವ್, ಅಂದರೆ ಕಿನ್ನಿಕಂಬಳದ ಪದ್ಮನಾಭ ರಾವ್ ಅವರ ಕೆಲಸವನ್ನೇ ನೋಡಬೇಕು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದು, ಮುಂದೆ ಮಣಿಪಾಲದಲ್ಲಿ ಪಾಠ ಹೇಳಿದ ಅವರು 1980ರ ದಶಕದ ಕೊನೆಯ ಹೊತ್ತಿಗೆ ಕನ್ನಡ ಬರೆಯುವ ತಂತ್ರಾಂಶ ಸಿದ್ಧಪಡಿಸಿ, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು, ಹಣ ಕೇಳದೆ ಹಂಚಿದರು. ಇಡೀ ಕನ್ನಡವನ್ನು 26 ಕೀಲಿಗಳಲ್ಲಿ ಕೂರಿಸಿದ್ದು ಅವರ ಸಾಧನೆ. ಮುಂದೆ ರಾಜ್ಯ ಸರಕಾರದ ಅಧಿಕೃತ ವಿನ್ಯಾಸಕ್ಕೂ ‘ನುಡಿ’ ತಂತ್ರಾಂಶಕ್ಕೂ ಇದೇ ಆಧಾರವಾಯಿತು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು.

ಈ ವಿನ್ಯಾಸದ ಜಾಣ್ಮೆ ಇರುವುದು ಸಂದರ್ಭದಲ್ಲಿ. ಯು ಕೀಲಿ ಪದದ ಮೊದಲಿಗೆ ಬಂದರೆ ಉ, ವ್ಯಂಜನದ ಬೆನ್ನಿಗೆ ಬಂದರೆ ಕೊಂಬು. ‘ಉಡುಪಿ’ ಬರೆಯುವಾಗ ಒಂದೇ ಕೀಲಿಯನ್ನು ಎರಡು ಸಲ ಒತ್ತುತ್ತೇವೆ, ಎರಡು ರೂಪ ಬರುತ್ತದೆ. ಇಂಗ್ಲಿಷಿನಲ್ಲಿ ಕೀಲಿ ಒತ್ತಿದರೆ ಅಕ್ಷರ ಗೊತ್ತಾಯಿತು. ಇಲ್ಲಿ ಹಿಂದೇನಿತ್ತು ಎಂದು ನೋಡಿಯೇ ನಿರ್ಧರಿಸಬೇಕು. ನೋಡುವ ಕೆಲಸ ವೆಬ್ ಪುಟದ ಸ್ಕ್ರಿಪ್ಟಿಗೆ ಬಿದ್ದರೆ ಪ್ರತಿ ಕೀಲಿಗೂ ಗಡಿ ದಾಟದೆ ಗತಿಯಿಲ್ಲ.

ವಿಕಿಪೀಡಿಯದಲ್ಲಿ 2011ರಲ್ಲಿ ಬಂದ ನಾರಾಯಂ ಎಂಬ ಬರವಣಿಗೆಯ ಸಾಧನ, ಆ ಬಳಿಕ ಅದರ ಜಾಗಕ್ಕೆ ಬಂದ ಜೆಕ್ವೆರಿ ಐಎಂಇ ಮಾಡಿದ್ದು ಇದನ್ನೇ. ಕೀಲಿ ಒತ್ತಿದೊಡನೆ ಸ್ಕ್ರಿಪ್ಟ್ ಕರ್ಸರಿನ ಹಿಂದಿನ ಕೆಲವು ಅಕ್ಷರಗಳನ್ನು ಓದುತ್ತದೆ, ನಿಯಮಗಳ ಪಟ್ಟಿಯೊಂದಿಗೆ ಹೋಲಿಸುತ್ತದೆ, ಹೊಂದಿದ ಕಡೆ ಹೊಸ ರೂಪ ಇಡುತ್ತದೆ, ಮಾಮೂಲಿ ಇಂಗ್ಲಿಷ್ ಅಕ್ಷರ ಮೂಡದಂತೆ ತಡೆಯುತ್ತದೆ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲೂ ಏನನ್ನೂ ಇನ್‌ಸ್ಟಾಲ್ ಮಾಡದೆ ಕನ್ನಡ, ತುಳು ಬರೆಯಲು ಸಾಧ್ಯವಾದದ್ದು ಇದರಿಂದ. ಆ ಉಪಕಾರದ ಮುಂದೆ ಗಡಿಯ ಖರ್ಚು ಏನೂ ಅಲ್ಲ.

ಆದರೆ ಖರ್ಚು ದುಬಾರಿಯಾಗುವುದು ಹ್ಯಾಂಡ್ಲರ್ ಒಳಗೆ ನಾವು ಮಾಡುವ ತಪ್ಪುಗಳಿಂದ. ಒಮ್ಮೆ ಅರ್ಜಿಯೊಂದನ್ನು ತುಂಬುತ್ತಿದ್ದೆ. ಊರಿನ ಹೆಸರಿನ ಅಂಕಣದಲ್ಲಿ ‘ಕಾರ್ಕಳ’ ಬರೆದು ಮುಗಿಸಿ ಕೈ ತೆಗೆದ ಮೇಲೆ ಅಕ್ಷರಗಳು ಒಂದೊಂದಾಗಿ ಬಂದವು. ಪುಟದ ಕೋಡ್ ತೆರೆದು ನೋಡಿದರೆ ಪ್ರತಿ ಕೀಲಿಗೂ ಜಿಲ್ಲೆಯ ಊರುಗಳ ಪಟ್ಟಿಯನ್ನು ಪೂರ್ತಿ ಹುಡುಕಿ, ಪೂರ್ತಿ ಅಳಿಸಿ, ಮತ್ತೆ ಬರೆಯುತ್ತಿತ್ತು. ಅಂಕಣದ ಪಠ್ಯವನ್ನೂ ಪ್ರತಿ ಸಲ ಇಡಿಯಾಗಿ ಬದಲಿಸುತ್ತಿತ್ತು. ಬೇಕಾದ ಭಾಗವನ್ನಷ್ಟೇ ಬದಲಿಸುವ ಸೌಲಭ್ಯ ಬ್ರೌಸರಿನಲ್ಲಿ ಇದ್ದೇ ಇದೆ. ಬರೆಯುವವರ ಕೈ ನಿಲ್ಲುವವರೆಗೆ ಹುಡುಕಾಟ ಮುಂದೂಡುವುದೂ ನಾಲ್ಕು ಸಾಲಿನ ಕೆಲಸ.

ಫೋನಿನಲ್ಲಿ ಪರಿಸ್ಥಿತಿ ಬೇರೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಪದ ಕಟ್ಟುತ್ತಿರುವಾಗ ಯಾವ ಕೀಲಿ ಒತ್ತಿದರೂ ಸ್ಕ್ರಿಪ್ಟಿಗೆ ಸಿಗುವುದು 229 ಎಂಬ ಒಂದೇ ಸಂಖ್ಯೆ. ಕೀಲಿ ನೋಡಿ ಅಕ್ಷರ ಮಾಡುವ ಹಳೆಯ ಸ್ಕ್ರಿಪ್ಟ್ ಅಲ್ಲಿ ನಡೆಯದು. ಫೋನಿನ ಕನ್ನಡ ಕೀಲಿಮಣೆ ಆ ಕೆಲಸವನ್ನು ಬ್ರೌಸರಿನ ಹೊರಗೆ ಮುಗಿಸಿ ಸಿದ್ಧ ಅಕ್ಷರವನ್ನೇ ಒಳಗೆ ಕಳಿಸುತ್ತದೆ. ವಿಂಡೋಸ್‌ನಲ್ಲೂ 2019ರಿಂದ ಕನ್ನಡದ ಧ್ವನಿಯಾಧಾರಿತ ಕೀಲಿಮಣೆ ಒಳಗೊಂಡೇ ಬಂದಿದೆ. ಸಂದರ್ಭ ನೋಡುವ ಕೆಲಸ ಸೇಡಿಯಾಪು ತಂತ್ರಾಂಶದಲ್ಲಿ ಎಲ್ಲಿತ್ತೋ ಅಲ್ಲಿಗೆ, ಅಂದರೆ ಪುಟದ ಹೊರಗಿನ ನೇಟಿವ್ ಕೋಡಿಗೆ, ತಿರುಗಿ ಹೋಗಿದೆ.

ಮುಂದಿನ ಪರೀಕ್ಷೆ ಹೊಸ್ತಿಲಲ್ಲೇ ನಿಂತಿದೆ. 2024ರ ಸೆಪ್ಟೆಂಬರಿನ ಯುನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿಯ 80 ಸಂಕೇತಗಳಿಗೆ ಜಾಗ ಸಿಕ್ಕಿತು. ಕನ್ನಡದ ಪ್ರತಿ ಸಂಕೇತ ಜಾವಾಸ್ಕ್ರಿಪ್ಟಿನ ಲೆಕ್ಕದಲ್ಲಿ ಒಂದು ಘಟಕ, ತುಳು-ತಿಗಳಾರಿಯದು ಎರಡೆರಡು. ಕರ್ಸರಿನ ಹಿಂದೆ ಒಂದು ಘಟಕ ಎಣಿಸುವ ಹ್ಯಾಂಡ್ಲರ್ ಈ ಲಿಪಿಯ ಅಕ್ಷರವನ್ನು ನಡುವಿನಲ್ಲಿ ಸೀಳಿಬಿಡುತ್ತದೆ. ತುಳುವಿಗಾಗಿ ಇನ್ನು ಸ್ಕ್ರಿಪ್ಟ್ ಬರೆಯುವವರು ಮೊದಲ ದಿನದಿಂದಲೇ ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಮೂವತ್ತು ವರ್ಷಗಳ ಈ ದಾರಿಯನ್ನು ಒಟ್ಟಾಗಿ ನೋಡಿದರೆ ತೀರ್ಮಾನ ಸ್ಪಷ್ಟ. ಗಡಿ ದಾಟುವ ಬೆಲೆಯನ್ನು ಬ್ರೌಸರ್ ಕಟ್ಟುವವರು ಬಹಳಷ್ಟು ಇಳಿಸಿದ್ದಾರೆ. ಎಷ್ಟು ಸಲ ದಾಟಬೇಕು, ದಾಟಿದ ಮೇಲೆ ಎಷ್ಟು ಹೊತ್ತು ತಡೆದು ನಿಲ್ಲಿಸಬೇಕು ಎಂಬುದು ಪುಟ ಬರೆಯುವ ನಮ್ಮ ಕೈಯಲ್ಲಿದೆ. ಸ್ಪೀಡೋಮೀಟರಿನಂಥ ಪರೀಕ್ಷೆಗಳು ಕಾರ್ಕಳದ ಒತ್ತಕ್ಷರವನ್ನು ನಮಗಾಗಿ ಅಳೆಯುವುದಿಲ್ಲ, ಅದನ್ನು ನಾವೇ ಅಳೆಯಬೇಕು.

ಮಣಿಪಾಲ, ನಿಟ್ಟೆ, ಬಂಟಕಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಯುತ್ತಿರುವವರಲ್ಲಿ ನನ್ನದೊಂದು ವಿನಂತಿ. ನೀವು ಮಾಡಿದ ಪುಟವನ್ನು ಕ್ರೋಮಿನಲ್ಲಿ ತೆರೆಯಿರಿ. ಡೆವ್‌ಟೂಲ್ಸ್‌ನ ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ ಪ್ರೊಸೆಸರಿನ ವೇಗವನ್ನು ಆರು ಪಟ್ಟು ತಗ್ಗಿಸಿ. ಹಳ್ಳಿಯ ಶಾಲೆಯಲ್ಲಿರುವ ಹಳೆಯ ಕಂಪ್ಯೂಟರಿನ ವೇಗಕ್ಕೆ ಅದು ಹತ್ತಿರ. ಆಮೇಲೆ ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಬೆರಳು ಎತ್ತುವುದರೊಳಗೆ ಅಕ್ಷರ ಬಾರದಿದ್ದರೆ ಆ ಪುಟ ಇನ್ನೂ ಸಿದ್ಧವಾಗಿಲ್ಲ.